ಗಾಜಿನ ಕಾರಿಗೊಂದು ಹ್ಯಾಂಡಲ್

ಚಿಕ್ಕವಳಿದ್ದಾಗ ನಾನು ಒಂದು ಸಂಗತಿಯನ್ನು ಗಟ್ಟಿಯಾಗಿ ನಂಬಿದ್ದೆ. ಮಂಗಳೂರಿನ ಕಾರ್‌ಸ್ಟ್ರೀಟಿಗೆ ಆ ಹೆಸರು ಬಂದದ್ದು ಊರಿನ ಮೊದಲ ಕಾರಿನಿಂದ ಎಂದು. ಆ ಕಾರನ್ನು ನಾನು ಕಣ್ಣಾರೆ ನೋಡಿದ್ದೆ. ನಾಲ್ಕನೇ ಕ್ಲಾಸಿನಲ್ಲಿ ಟೀಚರು ನಮ್ಮನ್ನೆಲ್ಲ ಸಾಲು ಮಾಡಿಸಿ ಸೈಂಟ್ ಅಲೋಶಿಯಸ್ ಕಾಲೇಜಿನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ನಿಂತಿತ್ತು ಅದು. ಡಿ ಡಿಯಾನ್ ಬೂಟನ್, 1906ರಲ್ಲಿ ಮಂಗಳೂರಿನಲ್ಲಿ ಓಡಿದ ಮೊದಲ ಕಾರು. ಹಾಗಾದರೆ ಇದು ಓಡಿದ ಬೀದಿಯೇ ಕಾರ್‌ಸ್ಟ್ರೀಟ್, ಅಲ್ವಾ? ಮನೆಗೆ ಬಂದು ಹೇಳಿದೆ. ಕಾರ್‌ಸ್ಟ್ರೀಟ್ ಎಂದರೆ ರಥಬೀದಿ, ವೆಂಕಟರಮಣ ದೇವರ ತೇರು ಎಳೆಯುವ ಬೀದಿ ಎಂದು ಅಮ್ಮ ಬಿಡಿಸಿ ಹೇಳಿದರು. ಆದರೂ ನನ್ನ ಮನಸ್ಸಿನಲ್ಲಿ ಆ ಕಾರು ಆ ಬೀದಿ ಬಿಟ್ಟು ಹೋಗಲಿಲ್ಲ.

ಕಳೆದ ವರ್ಷ ಅಂಥದ್ದೇ ಒಂದು ಕಾರನ್ನು ಬಣ್ಣದ ಗಾಜಿನಲ್ಲಿ ಮಾಡಿದೆ. ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರ, 137 ತುಂಡುಗಳು. ಒಂದು ದೀಪಾವಳಿ ಕಳೆದ ಮೇಲೆ ಕೈ ಹಚ್ಚಿದ್ದು, ಕಿಟಕಿ ಏರಿದ್ದು ಮುಂದಿನ ದೀಪಾವಳಿಗೆ. ನಡುವೆ ಒಂದು ಬೇಸಿಗೆ, ಒಂದು ಪೂರ್ತಿ ಮಳೆಗಾಲ ಹೋಯಿತು.

ಗಾಜಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇಗರ್ಜಿಯ ಕಿಟಕಿ ನೋಡಿ ಅಲ್ಲ. ಕಾಪುವಿನ ಅಜ್ಜನ ಮನೆಯ ಗಾಜಿನ ಹಂಚಿನಿಂದ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಆ ಕೆಂಪು ಹಂಚುಗಳ ನಡುವೆ ಒಂದೋ ಎರಡೋ ಅದೇ ಆಕಾರದ ಗಾಜಿನ ಹಂಚು ಇರುತ್ತಿತ್ತು. ಅಜ್ಜಿಯ ಅಡುಗೆಮನೆ ಹಗಲಲ್ಲೂ ಕತ್ತಲೆ. ಆ ಕತ್ತಲೆಯೊಳಗೆ ಒಂದು ಬೆಳಕಿನ ಕೋಲು ಓರೆಯಾಗಿ ಇಳಿದು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಒಲೆಯ ಹೊಗೆ ಅದರೊಳಗೆ ಸುತ್ತುತ್ತಾ ಮೇಲೆ ಹೋಗುವುದು ಕಾಣುತ್ತಿತ್ತು. ಬೆಳಕು ಕಡೆಯುವ ಕಲ್ಲಿನ ಹತ್ತಿರ ಬಂದರೆ ಅಜ್ಜಿ ಕುಚ್ಚಲಕ್ಕಿ ಅನ್ನಕ್ಕೆ ಇಡುತ್ತಿದ್ದರು. ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ.

ಆ ಮನೆ ಈಗ ಇಲ್ಲ. ಮಾಡು ಇಳಿಸುವ ದಿನ ನಾನು ಹೋಗಿದ್ದೆ. ಗಾಜಿನ ಹಂಚು ಕೆಳಗೆ ಬಿದ್ದು ಮೂರು ತುಂಡಾಗಿತ್ತು. ಒಂದು ತುಂಡನ್ನು ಪೇಪರಿನಲ್ಲಿ ಸುತ್ತಿ ತಂದು ಕಪಾಟಿನಲ್ಲಿ ಇಟ್ಟೆ. ಯಾಕೆ ಎಂದು ಆಗ ಗೊತ್ತಿರಲಿಲ್ಲ.

ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾದ ವರ್ಷ ಬೆಂಗಳೂರಿನಲ್ಲಿ ನಾಲ್ಕು ದಿನದ ಒಂದು ತರಗತಿಗೆ ಸೇರಿ ಸ್ಟೇನ್ಡ್ ಗ್ಲಾಸ್, ಅಂದರೆ ಬಣ್ಣದ ಗಾಜಿನ ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವುದನ್ನು ಕಲಿತೆ. ಆದರೆ ಗಾಜು ಕತ್ತರಿಸುವುದನ್ನು ಕೈಗೆ ಹತ್ತಿಸಿದ್ದು ಮಂಗಳೂರಿನ ಬಂದರಿನ ಹತ್ತಿರ ಗಾಜಿನ ಅಂಗಡಿ ಇಟ್ಟಿರುವ ಬ್ಯಾರಿ ಕಾಕ. ನಲವತ್ತು ವರ್ಷದಿಂದ ಕಿಟಕಿ ಗಾಜು, ದೇವರ ಫೋಟೋದ ಗಾಜು, ಶೋಕೇಸಿನ ಗಾಜು ಕತ್ತರಿಸಿದ ಕೈ ಅದು. ನಾವು ಗಾಜು ಕತ್ತರಿಸುವುದು ಅನ್ನುತ್ತೇವೆ, ನಿಜವಾಗಿ ಯಾರೂ ಗಾಜನ್ನು ಕತ್ತರಿಸುವುದಿಲ್ಲ. ಸಣ್ಣ ಚಕ್ರದಿಂದ (ಕಾಕ ಅದನ್ನು ಡೈಮಂಡ್ ಅನ್ನುತ್ತಾರೆ) ಅದರ ಮೈ ಮೇಲೆ ಒಂದು ಗೀರು ಎಳೆಯುತ್ತೇವೆ, ಅಷ್ಟೆ. ಆಮೇಲೆ ಎರಡು ಕಡೆ ಹಿಡಿದು ಬಗ್ಗಿಸಿದರೆ ಗಾಜು ತಾನಾಗಿ ಆ ಗೀರಿನ ಗುಂಟ ಬಿಟ್ಟುಕೊಳ್ಳುತ್ತದೆ. ಚಕ್ರಕ್ಕೆ ಸೀಮೆಎಣ್ಣೆ ತಾಗಿಸಿಕೊಳ್ಳಬೇಕು. ಎಳೆಯುವಾಗ ಝಿರ್ರ್ ಎಂದು ಒಂದೇ ಸಮನೆ ಸದ್ದು ಬರಬೇಕು. ಸದ್ದು ನಡುವೆ ನಿಂತರೆ ಗೀರೂ ಅಲ್ಲಿ ನಿಂತಿದೆ ಎಂದರ್ಥ. ನಾನು ಸರಿಯಾಗಲಿಲ್ಲವೆಂದು ಅದೇ ಗೆರೆಯ ಮೇಲೆ ಮತ್ತೊಮ್ಮೆ ಎಳೆಯಲು ಹೋದೆ. ಕಾಕ ಕೈ ಹಿಡಿದು ನಿಲ್ಲಿಸಿದರು.

"ಒಂದೇ ಸಲ ಎಳೀಬೇಕು ಅಕ್ಕ. ಎರಡನೇ ಸಲ ಎಳೆದ್ರೆ ಗಾಜೂ ಹೋಯ್ತು, ಡೈಮಂಡೂ ಹೋಯ್ತು."

ಮನೆಯಲ್ಲಿ ಅಭ್ಯಾಸಕ್ಕೆ ಬೇಕೆಂದು ಚೂರುಗಳನ್ನು ಸುಮ್ನೆ ಕೊಟ್ಟು ಕಳಿಸಿದರು. ಎರಡು ತಿಂಗಳು ಬರೀ ಬಿಳಿ ಗಾಜಿನ ಮೇಲೆ ಗೀರು ಎಳೆದೆ.

ಮೊದಲು ಮಾಡಿದ್ದು ಎರಡು ಸಣ್ಣ ಹೂವಿನ ಫಲಕ. ಅವು ಚೆನ್ನಾಗಿಯೇ ಬಂದವು, ಆದರೆ ನನಗೆ ಅವುಗಳಿಂದ ಏನೂ ಸಿಗಲಿಲ್ಲ. ಹೂವನ್ನು ಹೇಗೆ ಬೇಕಾದರೂ ಕತ್ತರಿಸಬಹುದು. ಎಸಳು ಸ್ವಲ್ಪ ದಪ್ಪವಾದರೂ ಹೂವೇ, ತೆಳ್ಳಗಾದರೂ ಹೂವೇ. ತಪ್ಪು ಮಾಡಿದರೆ ತಪ್ಪು ಎಂದು ಹೇಳುವ ವಸ್ತು ಬೇಕಿತ್ತು. ಆಗ ಒಂದು ಮಧ್ಯಾಹ್ನ ಮತ್ತೆ ಆ ಮ್ಯೂಸಿಯಮ್ಮಿಗೆ ಹೋದೆ. ಅದೇ ಆವರಣದಲ್ಲಿರುವ ಚಾಪೆಲ್ ನೋಡಲು ಬಸ್ಸುಗಟ್ಟಲೆ ಜನ ಬಂದಿದ್ದರು. ಆಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್ 1900ರ ಆಸುಪಾಸಿನಲ್ಲಿ ಅಲ್ಲಿನ ಗೋಡೆ, ಮಾಡುಗಳ ತುಂಬ ಬರೆದ ಚಿತ್ರಗಳು ಅವು. ಕತ್ತು ಎತ್ತಿ ಎತ್ತಿ ನೋಯುವಷ್ಟು ನೋಡಬಹುದು. ಆ ದಿನ ಒಂದು ವಿಷಯ ಹೊಳೆಯಿತು. ಗೋಡೆಯ ಚಿತ್ರ ತನ್ನ ಮೇಲೆ ಬಿದ್ದ ಬೆಳಕನ್ನು ನಮಗೆ ವಾಪಸು ಕೊಡುತ್ತದೆ. ಗಾಜಿನದ್ದು ಬೇರೆ. ಬೆಳಕು ಅದರ ಬೆನ್ನ ಹಿಂದಿನಿಂದ ಬಂದು ಅದರ ಮೈಯೊಳಗಿಂದಲೇ ಹಾದು ನಮ್ಮ ಹತ್ತಿರ ಬರುತ್ತದೆ. ಸಂಜೆಯಾದರೆ ಗೋಡೆಯ ಚಿತ್ರಕ್ಕೆ ದೀಪ ಹಾಕಬಹುದು, ಗಾಜು ಕಪ್ಪಾಗಿ ಮಲಗಿಬಿಡುತ್ತದೆ.

ಆಮೇಲೆ ಕಾರಿನ ಮುಂದೆ ಹೋಗಿ ನಿಂತೆ. ನಾಲ್ಕನೇ ಕ್ಲಾಸಿನ ಕಣ್ಣಿಗೆ ಅದು ದೊಡ್ಡದಾಗಿ ಕಂಡಿತ್ತು. ಈಗ ನೋಡಿದರೆ ಎಷ್ಟು ಪುಟ್ಟದು! 

ಡಿ ಡಿಯಾನ್ ಬೂಟನ್ ಎಂಬುದು ಮನುಷ್ಯರ ಹೆಸರು. ಜೂಲ್-ಆಲ್ಬರ್ಟ್ ಡಿ ಡಿಯಾನ್ ಒಬ್ಬ ಶ್ರೀಮಂತ, ಜಾರ್ಜ್ ಬೂಟನ್ ಒಬ್ಬ ಕೈಕೆಲಸದ ಮೇಸ್ತ್ರಿ. ಬೂಟನ್ನನ ಭಾವ ತ್ರೆಪಾರ್ದು ಎಂಬವನೂ ಸೇರಿ 1883ರಲ್ಲಿ ಪ್ಯಾರಿಸ್ಸಿನಲ್ಲಿ ಕಂಪನಿ ಶುರು ಮಾಡಿದರು. ಮೊದಲು ಮಾಡಿದ್ದೆಲ್ಲ ಉಗಿಯಿಂದ ಓಡುವ ಗಾಡಿಗಳು. 1895ರ ಹೊತ್ತಿಗೆ ಒಂದೇ ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ ಮಾಡಿದರು. ಬೇರೆಯವರ ಎಂಜಿನ್ನುಗಳು ನಿಮಿಷಕ್ಕೆ ಕೆಲವೇ ನೂರು ಸುತ್ತು ತಿರುಗುತ್ತಿದ್ದ ಕಾಲದಲ್ಲಿ ಇದು 1,500 ಸುತ್ತು ಆರಾಮವಾಗಿ ತಿರುಗುತ್ತಿತ್ತು. 1900ರ ಹೊತ್ತಿಗೆ ಪ್ರಪಂಚದಲ್ಲೇ ಅತಿ ಹೆಚ್ಚು ಕಾರು ಮಾಡುವವರು ಇವರಾದರು. ಅತಿ ಹೆಚ್ಚು ಎಂದರೆ ವರ್ಷಕ್ಕೆ 400, ಅಷ್ಟೇ. ನನಗೆ ತುಂಬ ಇಷ್ಟವಾದದ್ದು ಅವರ ಕಾರಿನ ಒಂದು ಪೆಡಲ್. ಅದನ್ನು ಒತ್ತಿದರೆ ಎಂಜಿನ್ನಿನ ವೇಗ ಜಾಸ್ತಿ ಆಗುವುದಿಲ್ಲ, ಕಡಿಮೆಯಾಗುತ್ತದೆ. ಕಾಲು ಎತ್ತಿದರೆ ಓಡುತ್ತದೆ, ಇಟ್ಟರೆ ನಿಧಾನ.

1906ರಲ್ಲಿ ನಮ್ಮೂರು ಹೇಗಿತ್ತು ಎಂದು ಯೋಚಿಸಿದೆ. ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಊರಿಗೆ ರೈಲು ಇನ್ನೂ ಬಂದಿರಲಿಲ್ಲ, ಅದು ಬಂದದ್ದು 1907ರಲ್ಲಿ. ಅಂದರೆ ರೈಲಿಗಿಂತ ಮೊದಲು ಊರು ಕಾರನ್ನು ನೋಡಿತ್ತು! ಮಂಗಳೂರಿನಿಂದ ಉಡುಪಿಗೆ ಹೋಗುವುದೆಂದರೆ ಕೂಳೂರು, ಮುಲ್ಕಿ, ಉದ್ಯಾವರ, ಹೀಗೆ ಹೊಳೆಯ ಮೇಲೆ ಹೊಳೆ. ನಮ್ಮ ಅಜ್ಜ ಮುಂದೆ ಅದೇ ದಾರಿಯಲ್ಲಿ ಸಿಪಿಸಿ ಎಂಬ ಕಂಪನಿಯ ಬಸ್ಸಿನ ಡ್ರೈವರ್ ಆದರು. ಅವರ ಕಾಲದಲ್ಲೂ ಈ ದಡಕ್ಕೆ ಒಂದು ಬಸ್ಸು, ಆ ದಡಕ್ಕೆ ಇನ್ನೊಂದು, ನಡುವೆ ದೋಣಿ ಇತ್ತಂತೆ.

ಇಂಥ ಹಳೇ ಕಾರುಗಳನ್ನು ವೆಟರನ್ ಅನ್ನುತ್ತಾರೆ, ಆ ಪದಕ್ಕೂ ಲೆಕ್ಕ ಉಂಟು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದ ಪ್ರಕಾರ 1905ರಿಂದ 1918ರವರೆಗೆ ತಯಾರಾದವು ವೆಟರನ್, ಆಮೇಲೆ 1930ರವರೆಗಿನವು ವಿಂಟೇಜ್. ನಾವು ಎಲ್ಲಕ್ಕೂ ವಿಂಟೇಜ್ ಅಂದುಬಿಡುತ್ತೇವೆ. ಇಂಗ್ಲೆಂಡಿನಲ್ಲಿ ಪ್ರತಿ ನವೆಂಬರಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಹಳೇ ಕಾರುಗಳ ಓಟ ನಡೆಯುತ್ತದೆ. ಅದಕ್ಕೆ 1905ಕ್ಕಿಂತ ಮೊದಲು ತಯಾರಾದವು ಮಾತ್ರ ಸಲ್ಲುತ್ತವೆ. ಕಾನೂನು 1896ರಲ್ಲಿ ಮೋಟಾರು ಗಾಡಿಗಳ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಖುಷಿಗೆ ಶುರುವಾದ ಓಟ ಅದು. ಅದಕ್ಕೆ ಮೊದಲು ಹಳ್ಳಿಯ ರಸ್ತೆಯಲ್ಲಿ ನಾಲ್ಕು ಮೈಲಿ, ಪೇಟೆಯಲ್ಲಿ ಎರಡು. ನಡೆಯುವವನೇ ಮುಂದೆ ಹೋಗುತ್ತಾನೆ!

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಮಾಡಿದ್ದು ಮ್ಯೂಸಿಯಮ್ಮಿನ ಕಾರಿನ ಪಡಿಯಚ್ಚು ಅಲ್ಲ. ಆ ಕಾಲದ ಹಲವು ಕಾರುಗಳ ಫೋಟೋ ಮುಂದಿಟ್ಟುಕೊಂಡು, ಗಾಜು ಒಪ್ಪುವಂತೆ ಕೂಡಿಸಿ ಬರೆದ ಒಂದು ಕಾರು.

ಬರೆಯಲು ಕೂತಾಗಲೇ ಈ ಕೆಲಸದ ಜೀವ ಎಲ್ಲಿದೆ ಎಂದು ತಿಳಿದದ್ದು. ಇದರಲ್ಲಿ ಚಿತ್ರವನ್ನು ಮೊದಲು ಕಾಗದದ ಮೇಲೆ ಪೂರ್ತಿ ಅಳತೆಯಲ್ಲಿ ಬರೆಯಬೇಕು. ಪ್ರತಿ ತುಂಡಿನ ಸುತ್ತ ಗೆರೆ ಬೇಕು. ಆ ಗೆರೆಯ ಜಾಗದಲ್ಲೇ ಮುಂದೆ ಲೋಹ ಬರುತ್ತದೆ, ಬೆಳಕಿಗೆ ಎದುರಾಗಿ ಹಿಡಿದರೆ ಕಪ್ಪು ಗೆರೆಯಾಗಿ ಕಾಣುತ್ತದೆ. ಗಾಜಿಗೆ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಒಳಮೂಲೆ ಇರುವ ಆಕಾರ ಕೊಡಲು ಬರುವುದಿಲ್ಲ, ಆ ಮೂಲೆಯಿಂದಲೇ ಬಿರುಕು ಓಡುತ್ತದೆ. ಆಳವಾದ ಒಳಬಾಗೂ ಕಷ್ಟ. ಗಾಜು ಎಲ್ಲಿ ಒಪ್ಪುವುದಿಲ್ಲವೋ ಅಲ್ಲಿ ಒಂದು ಗೆರೆ ಹಾಕಿ ತುಂಡನ್ನು ಎರಡು ಮಾಡಲೇಬೇಕು. ಅದು ಸುಮ್ಮನೆ ಅನುಕೂಲಕ್ಕೆ ಹಾಕಿದ ಗೆರೆಯಾದರೆ ಚಿತ್ರದಲ್ಲಿ ಗಾಯದ ಹಾಗೆ ಕಾಣುತ್ತದೆ. ಆದ್ದರಿಂದ ಬೇಕಾದ ಗೆರೆಯೆಲ್ಲ ವಸ್ತುವಿನದ್ದೇ ಗೆರೆಯಾಗಿರಬೇಕು. ಎರಡು ಭಾಗ ಸೇರುವ ಜಾಗ, ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗ.

ಇಲ್ಲಿ ಆ ಹಳೇ ಕಾರು ನನ್ನನ್ನು ಕಾಪಾಡಿತು. ಈಗಿನ ಕಾರನ್ನು ನೋಡಿ. ಒಂದೇ ಚರ್ಮ. ಬಾನೆಟ್ಟು, ಬಾಗಿಲು, ದೀಪ ಎಲ್ಲ ಒಂದರೊಳಗೊಂದು ಕರಗಿ ಹೋಗಿವೆ. ಅದನ್ನು ಗಾಜಿನಲ್ಲಿ ಮಾಡಲು ಹೋದರೆ ಗೆರೆ ಎಲ್ಲಿ ಹಾಕುವುದು? 1906ರ ಕಾರಿನಲ್ಲಿ ಯಾವುದೂ ಯಾವುದರೊಳಗೂ ಕರಗಿಲ್ಲ. ಮಡ್‌ಗಾರ್ಡ್ ಬೇರೆ, ಅದನ್ನು ಹಿಡಿದ ಕಂಬಿ ಬೇರೆ. ದೀಪ ಹೊರಗೆ ನಿಂತಿದೆ. ಸೀಟು ಮನೆಯ ಕುರ್ಚಿಯ ಹಾಗೆ ಮೇಲೆ ಕೂತಿದೆ. ಆಗ ಎಂಜಿನ್, ಚಕ್ರ ಇರುವ ಚಾಸಿಯನ್ನು ಒಬ್ಬರ ಹತ್ತಿರ ಕೊಂಡು, ಮೇಲಿನ ಬಾಡಿಯನ್ನು ಸಾರೋಟು ಮಾಡುವವರ ಹತ್ತಿರ ಕಟ್ಟಿಸಿಕೊಳ್ಳುವುದೂ ಇತ್ತು. ಬಡಗಿ, ಕಮ್ಮಾರ, ಕಂಚುಗಾರ, ಚರ್ಮದ ಕೆಲಸದವ ಎಲ್ಲರ ಕೈ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ಕಾಣುತ್ತದೆ. ಆ ಕಾರಿನ ಮೈಯಲ್ಲಿ ಗೆರೆಗಳು ಆಗಲೇ ಇದ್ದವು. ನಾನು ಅವನ್ನು ಎತ್ತಿಕೊಂಡೆ.

ಆದರೆ ಪ್ರತಿ ಗೆರೆಗೂ ಅದು ಏನು ಕೆಲಸ ಮಾಡುತ್ತಿತ್ತು ಎಂದು ತಿಳಿಯಬೇಕಾಯಿತು. ಫೋಟೋದಲ್ಲಿ ಒಂದು ಕಡ್ಡಿ ಕಾಣುತ್ತದೆ. ಅದು ಬ್ರೇಕಿನದ್ದೋ, ಮಡ್‌ಗಾರ್ಡನ್ನು ಹಿಡಿದದ್ದೋ? ತಿಳಿಯದೆ ಬರೆದರೆ ಅದು ಎಲ್ಲೋ ಗಾಳಿಯಲ್ಲಿ ಹೋಗಿ ನಿಲ್ಲುತ್ತದೆ. ಏನೆಂದು ಅರ್ಥವಾಗದ ಎಷ್ಟೋ ಸಂಗತಿಗಳನ್ನು ಕೈಬಿಟ್ಟೆ. ಮೂರು ತಿಂಗಳು ಬರೀ ಕಾಗದದಲ್ಲೇ ಹೋಯಿತು. ಹಿಂದೆ ಇದ್ದ ತೆಂಗಿನ ಮರ ಮೊದಲು ಹೋಯಿತು. ಅಷ್ಟು ಸಪೂರ ಗರಿಗಳನ್ನು ಗಾಜು ಒಪ್ಪುವುದಿಲ್ಲ, ದಪ್ಪ ಮಾಡಿದರೆ ಅದು ತೆಂಗೇ ಅಲ್ಲ.

ಚಕ್ರ ನನ್ನನ್ನು ಹೆಚ್ಚು ದಿನ ಕಾಡಿತು. ತೇರಿನ ಚಕ್ರವಾದರೆ ಸುಲಭ, ಇಡೀ ಮರದ ಗಾಲಿ. ಈ ಕಾರಿಗೆ ಎತ್ತಿನ ಗಾಡಿಯ ಹಾಗೆ ಮರದ ಕಡ್ಡಿಗಳು. ಗಾಜಿನ ತುಂಡು ಕಾಲು ಇಂಚಿಗಿಂತ ಸಪೂರವಾದರೆ ಒಡೆಯುವಾಗಲೇ ಚೂರಾಗುತ್ತದೆ. ಉಳಿದರೂ ಬೆಸುಗೆ ಹಿಡಿಯಲೆಂದು ಅಂಚಿಗೆ ಸುತ್ತುವ ತಾಮ್ರದ ಪಟ್ಟಿ ಎರಡು ಬದಿಯಿಂದ ಅದನ್ನು ಅರ್ಧ ಮುಚ್ಚಿಬಿಡುತ್ತದೆ. ನಾಲ್ಕು ಸಲ ಬರೆದು ಅಳಿಸಿದ ಮೇಲೆ ದಾರಿ ಕಂಡಿತು. ಕಡ್ಡಿಯನ್ನು ಗಾಜಿನಲ್ಲಿ ಮಾಡುವುದೇ ಬೇಡ. ಕಡ್ಡಿಗಳ ನಡುವಿನ ಖಾಲಿ ಜಾಗವನ್ನು ಗಾಜಿನಲ್ಲಿ ಮಾಡಬೇಕು. ಒಂದು ಚಕ್ರಕ್ಕೆ ಹತ್ತು ಕಡ್ಡಿ, ನಡುವೆ ಹತ್ತು ತ್ರಿಕೋನದಂಥ ತುಂಡುಗಳು. ಕಡ್ಡಿಯ ಜಾಗದಲ್ಲಿ ದಪ್ಪ ಬೆಸುಗೆಯ ಗೆರೆ. ಚಕ್ರದ ಆಚೆ ಕಾಣುವ ರಸ್ತೆ, ಗಿಡ, ಆಕಾಶವೇ ಚಕ್ರವನ್ನು ಬಿಡಿಸಿ ತೋರಿಸುತ್ತದೆ. ಎರಡು ಚಕ್ರಕ್ಕೆ ಇಪ್ಪತ್ತು ತುಂಡು, ಹಾಳಾದದ್ದು ಅದಕ್ಕಿಂತ ಜಾಸ್ತಿ.

ಬಣ್ಣದ ಗಾಜಿನ ಹಾಳೆಗಳು ಬೆಂಗಳೂರಿನಿಂದ ಬಂದವು. ಮೂರರಲ್ಲಿ ಒಂದು ದಾರಿಯಲ್ಲೇ ಒಡೆದಿತ್ತು, ನಾನು ಆಸೆಯಿಂದ ಆರಿಸಿದ್ದ ಕಡುನೀಲಿ. ಆಕಾಶಕ್ಕೆಂದು ತರಿಸಿದ್ದು. ಒಡೆದ ತುಂಡುಗಳನ್ನೇ ಕಿಟಕಿಗೆ ಒರಗಿಸಿ, ಮುಂದೆ ಕಪ್ಪು ಕಾಗದದಲ್ಲಿ ಕತ್ತರಿಸಿದ ಚಕ್ರ ಹಿಡಿದು ನೋಡಿದೆ. ಚಕ್ರದ ಕಡ್ಡಿಗಳು ಕರಗಿ ಹೋದ ಹಾಗಿತ್ತು. ಎಲ್ಲ ಬಣ್ಣವೂ ಬೆಳಕಿನಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ನೀಲಿ ತನ್ನ ಗಡಿ ದಾಟಿ ಪಕ್ಕಕ್ಕೆ ಹರಡುತ್ತದೆ, ಪಕ್ಕದ ಸಪೂರ ಗೆರೆಯನ್ನು ತಿಂದು ಹಾಕುತ್ತದೆ. ಕೆಂಪು ಹಾಗಲ್ಲ, ತನ್ನ ಜಾಗದಲ್ಲೇ ಇರುತ್ತದೆ. ಯುರೋಪಿನ ಹಳೇ ಕಿಟಕಿಗಳಲ್ಲಿ ನೀಲಿಯ ಪಕ್ಕ ಗೆರೆಗಳು ಯಾಕೆ ಅಷ್ಟು ದಪ್ಪ ಎಂದು ಆಗ ಅರ್ಥವಾಯಿತು. ಒಡೆಯದೆ ಬಂದಿದ್ದರೆ ನಾನು ನೋಡದೆ ಕತ್ತರಿಸಿಬಿಡುತ್ತಿದ್ದೆ. ನೀಲಿಯನ್ನು ಬಿಟ್ಟು ಹಾಲು ಬೆರೆತ ಬೂದು ಬಣ್ಣದ ಗಾಜು ತರಿಸಿದೆ. ಜೂನ್ ಮೊದಲ ವಾರ ಬೆಳಿಗ್ಗೆ, ಮಳೆ ಇನ್ನೇನು ಹೊಯ್ಯಬೇಕು ಅನ್ನುವಾಗ ಪಡುವಣದ ಮುಗಿಲು ಇರುತ್ತದಲ್ಲ, ಆ ಬಣ್ಣ. ನಮ್ಮೂರಿಗೆ ಅದೇ ಸರಿ. ರಸ್ತೆಗೆ ಮುರಕಲ್ಲಿನ ಮಣ್ಣಿನ ಬಣ್ಣ, ಗೆರೆಗೆರೆಯಾಗಿ ಹರಿದ ಕಂದು ಗಾಜು. ಕಾರಿನ ಮೈಗೆ ಕಡುಹಸಿರು, ಸೀಟಿಗೆ ದಾಸವಾಳದ ಕೆಂಪು, ಹಿತ್ತಾಳೆಗೆಲ್ಲ ಜೇನುಬಣ್ಣ.

ಸ್ಟೇನ್ಡ್ ಗ್ಲಾಸ್ ಎಂದರೆ ಗಾಜಿಗೆ ಬಣ್ಣ ಬಳಿಯುವುದು ಎಂದು ತುಂಬ ಜನ ತಿಳಿದಿದ್ದಾರೆ. ಬಣ್ಣ ಗಾಜಿನ ಹುಟ್ಟಿನಲ್ಲೇ ಇದೆ. ಗಾಜು ಕರಗಿರುವಾಗಲೇ ಕೋಬಾಲ್ಟ್ ಸೇರಿಸಿದರೆ ನೀಲಿ, ಕಬ್ಬಿಣ ಹಸಿರು, ಚಿನ್ನ ಸೇರಿಸಿದರೆ ಗುಲಾಬಿ ಕೆಂಪು. ನಿಜವಾಗಿ ಮೇಲಿನಿಂದ ಹಚ್ಚಿ ಸುಟ್ಟು ಗಾಜಿಗೆ ಇಳಿಸುವ ಬಣ್ಣ ಬೆಳ್ಳಿಯಿಂದ ಬರುವ ಹಳದಿ. 1300ರ ದಶಕದ ಆರಂಭದಿಂದ ಯುರೋಪಿನಲ್ಲಿ ಅದನ್ನು ಬಳಸುತ್ತಿದ್ದಾರೆ. ನನ್ನ ಹತ್ತಿರ ಗಾಜು ಸುಡುವ ಗೂಡು ಇಲ್ಲ. ಹಾಗಾಗಿ ಮುಖ, ಕಣ್ಣು, ಅಕ್ಷರ ಯಾವುದನ್ನೂ ಬರೆಯಲು ಬರುವಂತಿರಲಿಲ್ಲ. ಕಾರಿನಲ್ಲಿ ಜನ ಇಲ್ಲ.

ಈಗ ದೀಪದ ವಿಷಯ. ಆ ಕಾಲದ ಕಾರಿನ ದೀಪದಲ್ಲಿ ಬಲ್ಬು ಇರಲಿಲ್ಲ. ಕಾರ್ಬೈಡಿನ ಮೇಲೆ ಹನಿ ಹನಿಯಾಗಿ ನೀರು ಬಿಟ್ಟರೆ ಅಸಿಟಿಲೀನ್ ಅನಿಲ ಬರುತ್ತದೆ, ಅದಕ್ಕೆ ಕಡ್ಡಿ ಗೀರಿ ಹಚ್ಚಬೇಕು. ಬೆಳ್ಳಗೆ ಉರಿಯುತ್ತದೆ. ಮಾವು ಬೇಗ ಹಣ್ಣು ಮಾಡಲು ಕದ್ದು ಬಳಸುತ್ತಾರಲ್ಲ, ಅದೇ ಕಾರ್ಬೈಡು. ಅದರ ಬೆಳ್ಳುಳ್ಳಿಯಂಥ ನಾತವನ್ನು ಅಜ್ಜ ಹೇಳುತ್ತಿದ್ದರು. ಹಿತ್ತಾಳೆಯ ಬಳೆಗೆ ಜೇನುಬಣ್ಣದ ಗಾಜು ಸರಿ. ಒಳಗಿನ ಬೆಳಕಿಗೆ ಯಾವ ಗಾಜು ಇಟ್ಟರೂ ಅದು ಬರೀ ಬಣ್ಣದ ಬೊಟ್ಟಿನ ಹಾಗೆ ಕಾಣುತ್ತಿತ್ತು. ಆಗ ಕಪಾಟಿನಲ್ಲಿದ್ದ ಹಂಚಿನ ತುಂಡು ನೆನಪಾಯಿತು.

ಅದನ್ನು ಕತ್ತರಿಸಲು ಕಾಕನಿಂದಲೂ ಆಗಲಿಲ್ಲ. ಬೇರೆ ಗಾಜೆಲ್ಲ ಮೂರು ಮಿಲಿಮೀಟರ್ ದಪ್ಪ. ಇದು ಅದರ ಮೂರರಷ್ಟು, ಅಚ್ಚಿನಲ್ಲಿ ಒತ್ತಿ ಮಾಡಿದ್ದು, ಎಲ್ಲ ಕಡೆ ಒಂದೇ ದಪ್ಪವೂ ಅಲ್ಲ. ಗೀರು ಎಳೆದರೆ ಎಳೆದ ಕಡೆ ಬಿಟ್ಟು ಬೇರೆಲ್ಲೋ ಸೀಳಿತು. "ಇದು ಮಾತು ಕೇಳುವ ಗಾಜಲ್ಲ ಅಕ್ಕ, ಹೀಗೇ ಇಡಿ" ಎಂದರು. ಉಳಿದ ಚೂರುಗಳಲ್ಲಿ ಒಂದು ಅಡಿಕೆಗಿಂತ ಸ್ವಲ್ಪ ದೊಡ್ಡದಿತ್ತು. ಮನೆಗೆ ತಂದು ಗ್ರೈಂಡರಿಗೆ ಹಿಡಿದೆ. ನೀರು ಬಿಟ್ಟುಕೊಂಡು ಎರಡು ಸಂಜೆ ಉಜ್ಜಿದ ಮೇಲೆ ದುಂಡಗಾಯಿತು. ಹಳೇ ಗಾಜು ಪೂರ್ತಿ ಬಿಳಿ ಅಲ್ಲ, ಎಳನೀರಿನ ಹಾಗೆ ಒಂಚೂರು ಹಸಿರು. ಒಳಗೆ ಎರಡು ಪುಟ್ಟ ಗುಳ್ಳೆ. ಅಗಲದ ತಾಮ್ರದ ಪಟ್ಟಿ ಸುತ್ತಿ ದೀಪದ ಜಾಗದಲ್ಲಿ ಇಟ್ಟು, ಹಲಗೆಯನ್ನು ಕಿಟಕಿಗೆ ಎತ್ತಿ ಹಿಡಿದೆ. ಬೇರೆ ಗಾಜುಗಳು ಬೆಳಕನ್ನು ಬಿಟ್ಟುಕೊಡುತ್ತವೆ, ಇದು ಸುತ್ತಲಿನ ಬೆಳಕನ್ನು ತನ್ನೊಳಗೆ ಎಳೆದು ಕೂಡಿಸಿಕೊಳ್ಳುತ್ತದೆ. ಅಡುಗೆಮನೆಯ ಆ ಕೋಲು ನೆನಪಾಗಿ ಸ್ವಲ್ಪ ಹೊತ್ತು ಏನೂ ಮಾಡಲಾಗಲಿಲ್ಲ.

ತುಂಡುಗಳನ್ನು ಜೋಡಿಸಲು ಎರಡು ವಿಧ ಉಂಟು. ಸೀಸದ ಕಾಲುವೆಯೊಳಗೆ ಗಾಜು ಕೂರಿಸುವುದು ಹಳೇ ವಿಧ, ದೊಡ್ಡ ಕಿಟಕಿಗಳಿಗೆ ಅದೇ. ನಾನು ಆರಿಸಿದ್ದು ತಾಮ್ರದ ಪಟ್ಟಿಯದ್ದು. ಪ್ರತಿ ತುಂಡಿನ ಅಂಚಿಗೆ ಒಂದು ಬದಿ ಅಂಟಿರುವ ಸಪೂರ ತಾಮ್ರದ ಟೇಪು ಸುತ್ತಿ, ಉಜ್ಜಿ ಕೂರಿಸಿ, ತುಂಡುಗಳನ್ನು ಒತ್ತೊತ್ತಾಗಿ ಇಟ್ಟು, ಮೇಲೆ ತವರ ಮತ್ತು ಸೀಸ ಬೆರೆತ ಬೆಸುಗೆ ಹರಿಸುವುದು. ಅಮ್ಮ ಅದನ್ನು ನೋಡಿ ಒಂದೇ ಮಾತಿನಲ್ಲಿ ಹೇಳಿದರು: "ಇದು ಕಲಾಯಿ ಅಲ್ವಾ?"

ಹೌದು, ಕಲಾಯಿಯೇ. ವರ್ಷಕ್ಕೆ ಎರಡು ಸಲ ಅಂಗಳಕ್ಕೆ ಬಂದು ಗುಂಡಿ ತೋಡಿ, ತಿದಿ ಒತ್ತಿ, ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ತವರ ಹಚ್ಚಿ ಹೋಗುತ್ತಿದ್ದವರು ಮಾಡುತ್ತಿದ್ದದ್ದು ಇದನ್ನೇ. ಅವರು ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತಿತ್ತು, ಪಾತ್ರೆಯ ಕಿಲುಬು ಬಿಟ್ಟು ತವರ ಹಿಡಿಯುತ್ತಿತ್ತು. ಈಗ ನಾನು ಬೆಸುಗೆ ಕಡ್ಡಿಯ ಮೂತಿ ಶುದ್ಧ ಮಾಡುವ ಬಿಳಿ ಕಟ್ಟಿಯೂ ಅದೇ ನವಸಾಗರ. (ಬೆಸುಗೆಯಲ್ಲಿ ಸೀಸ ಇರುವುದರಿಂದ ಕಿಟಕಿ ತೆರೆದಿಡಬೇಕು, ಆ ಮೇಜಿನಲ್ಲಿ ತಿಂಡಿ, ಚಹಾ ಇಡಬಾರದು, ಎದ್ದ ಕೂಡಲೇ ಕೈ ತೊಳೆಯಬೇಕು. ಕಲಿಯಲು ಹೊರಟವರು ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.)

ತಪ್ಪಾದದ್ದು ಹೊತ್ತಿನ ಲೆಕ್ಕದಲ್ಲಿ. ಮೇ ಕೊನೆಗೆ ಪಟ್ಟಿ ಸುತ್ತಲು ಶುರು ಮಾಡಿದೆ, ನೂರು ತುಂಡು ಮುಗಿಯುವಾಗ ಮಳೆ ಹಿಡಿಯಿತು. ಅಷ್ಟರಲ್ಲಿ ಅಮ್ಮನಿಗೆ ಜ್ವರ, ಮೂರು ವಾರ ಕೆಲಸ ನಿಂತಿತು. ಮಂಗಳೂರಿನ ಮಳೆಗಾಲದಲ್ಲಿ ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ, ಇನ್ನು ತಾಮ್ರದ ಗತಿ ಏನು? ತಿರುಗಿ ಬಂದು ನೋಡಿದರೆ ಪಟ್ಟಿಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು. ಬೆಸುಗೆ ಅದರ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉರುಳಿ ಹೋಯಿತು. ನೂರು ತುಂಡಿನ ಪಟ್ಟಿಯನ್ನೂ ಕಿತ್ತು ಹಾಕಬೇಕೇನೋ ಎಂದು ಕೂತಿದ್ದೆ. ಅಮ್ಮ ಒಳಗೆ ಹೋಗಿ ಹುಣಸೆಹುಳಿ, ಉಪ್ಪು ತಂದರು. ದೇವರ ದೀಪ ಬೆಳಗುವ ಹಾಗೆ, ಬೆರಳ ತುದಿಯಿಂದ ಒಂದೊಂದೇ ತುಂಡನ್ನು ಮೆಲ್ಲಗೆ ತಿಕ್ಕಿದೆವು. ತೊಳೆದು, ಒರೆಸಿ, ಬಲ್ಬಿನ ಕೆಳಗೆ ಒಣಗಿಸಿದೆವು. ಅಂಟು ಬಿಟ್ಟ ಹದಿನೈದು ತುಂಡುಗಳಿಗೆ ಮಾತ್ರ ಹೊಸ ಪಟ್ಟಿ ಬೇಕಾಯಿತು. ಎರಡು ಮಧ್ಯಾಹ್ನದ ಕೆಲಸ. ಜ್ವರ ಬಿಟ್ಟ ಮೇಲೆ ಅಮ್ಮ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು. ಆ ಮಧ್ಯಾಹ್ನಗಳಲ್ಲಿ ಅಜ್ಜನ ಮಾತು ಬಂತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳನ್ನು ಇದ್ದಿಲಿನ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಅಜ್ಜ ನಸುಕಿನಲ್ಲೇ ಎದ್ದು ಹೋಗಿ ಬಸ್ಸಿನ ಹಿಂದಿನ ಒಲೆಗೆ ಬೆಂಕಿ ಮಾಡಬೇಕಿತ್ತಂತೆ. ಮನೆಗೆ ಬಂದರೆ ಅಂಗಿಯೆಲ್ಲ ಮಸಿ. ಅಮ್ಮ ತುಂಬ ಸಣ್ಣವರು, ಅಂಗಿಯ ವಾಸನೆ ಮಾತ್ರ ನೆನಪಿದೆ. ಹೇಳುತ್ತಾ ಹೇಳುತ್ತಾ ಮೇಜಿನ ಮೇಲೆ ಹರಡಿದ್ದ ನನ್ನ ಕಾಗದದ ಚಿತ್ರವನ್ನು ನೋಡಿದರು. ತಿರುಗಿಸಿ ನೋಡಿದರು.

"ಎಂತ ಮಾರಾಯ್ತಿ, ಹ್ಯಾಂಡಲ್ ಎಲ್ಲಿ? ಹ್ಯಾಂಡಲ್ ಇಲ್ಲದೆ ಗಾಡಿ ಹೇಗೆ ಹೊರಡ್ತದೆ?"

ಎಂಜಿನ್ ಶುರು ಮಾಡಲು ಕೈಯಿಂದ ತಿರುಗಿಸುವ ಹ್ಯಾಂಡಲ್. ಅಷ್ಟು ಫೋಟೋ ನೋಡಿದ್ದೆ, ಅಷ್ಟು ಗೆರೆ ಎಣಿಸಿದ್ದೆ, ಅದನ್ನು ಬಿಟ್ಟಿದ್ದೆ. ನನ್ನ ಕಾರಿಗೆ ದೀಪ ಇತ್ತು, ಸೀಟು ಇತ್ತು, ಹೊರಡುವ ದಾರಿಯೇ ಇರಲಿಲ್ಲ. ಆ ಕಾಲದ ಕಾರುಗಳಲ್ಲಿ ಕೆಲವಕ್ಕೆ ಹ್ಯಾಂಡಲ್ ಬದಿಯಲ್ಲಿ, ಕೆಲವಕ್ಕೆ ಮುಂದೆ. ಅಜ್ಜನ ಬಸ್ಸಿಗೆ ಮುಂದೆ ಇತ್ತು ಎಂದು ಅಮ್ಮ ಹೇಳಿದ್ದರಿಂದ ಮುಂದೆಯೇ ಇಡುವುದೆಂದಾಯಿತು. ಅಷ್ಟು ಸಪೂರದ್ದು ಗಾಜಿನಲ್ಲಿ ಆಗುವುದಿಲ್ಲ. ತಾಮ್ರದ ತಂತಿಯನ್ನು ಎರಡು ಕಡೆ ಬಗ್ಗಿಸಿ, ಕಲಾಯಿ ಹಾಕಿ, ಕೊನೆಗೆ ಗಾಜಿನ ಮೇಲಿಂದ ಬೆಸೆಯುವುದೆಂದು ನಿಶ್ಚಯಿಸಿದೆ.

ಬೆಸುಗೆ ಮಳೆಯ ನಡುವೆಯೇ ನಡೆಯಿತು. ಮುಂಭಾಗ ಆರು ದಿನ, ಹಿಂಭಾಗ ನಾಲ್ಕು. ಗೆರೆ ಚಪ್ಪಟೆಯಾಗಬಾರದು, ಮಳೆಹುಳುವಿನ ಬೆನ್ನಿನ ಹಾಗೆ ದುಂಡಗೆ ನಿಲ್ಲಬೇಕು. ಅವಸರದಲ್ಲಿ ಒಂದೇ ಜಾಗ ಜಾಸ್ತಿ ಕಾಯಿಸಿ ಬಾನೆಟ್ಟಿನ ಒಂದು ತುಂಡು ಚಿಟ್ ಎಂದು ಬಿರುಕು ಬಿಟ್ಟಿತು. ಸುತ್ತಲಿನ ಬೆಸುಗೆ ಕರಗಿಸಿ ಬದಲಿಸಿದೆ. ಆಮೇಲೆ ಎಲ್ಲ ತೊಳೆದು ಗೆರೆಗಳಿಗೆ ಕಪ್ಪು ಬಣ್ಣ ಹಿಡಿಸುವ ದ್ರಾವಣ ಹಚ್ಚಿದೆ. ಆಚಾರಿ ಹಲಸಿನ ಮರದ ಚೌಕಟ್ಟು ಮಾಡಿಕೊಟ್ಟರು. ಫಲಕದ ಭಾರ ಆ ಚೌಕಟ್ಟಿನ ಮೇಲೆ ಕೂರಬೇಕು. ತಾಮ್ರದ ಪಟ್ಟಿಗೇ ಕೊಂಡಿ ಹಾಕಿ ನೇತು ಬಿಟ್ಟರೆ ವರ್ಷ ಕಳೆಯುವುದರೊಳಗೆ ಹರಿದು ಬರುತ್ತದೆ.

ಮೆಟ್ಟಿಲಿನ ತಿರುವಿನಲ್ಲಿ ಮೂಡು ದಿಕ್ಕಿನ ಕಿಟಕಿ ಇದೆ. ನರಕ ಚತುರ್ದಶಿಯ ಹಿಂದಿನ ದಿನ ಅಲ್ಲಿ ಕೂರಿಸಿದೆವು. ಮರುದಿನ ಎಣ್ಣೆ ಸ್ನಾನ ಮುಗಿಯುವಾಗ ಹೊರಗೆ ಬೆಳಗಾಗುತ್ತಿತ್ತು. ಮೊದಲು ಆಕಾಶದ ಬೂದು ಎದ್ದಿತು. ಆಮೇಲೆ ರಸ್ತೆಯ ಕಂದು. ಹಸಿರು ಕೊನೆಗೆ. ದೀಪದ ಹಂಚಿನ ಚೂರು ಮಾತ್ರ ಎಲ್ಲಕ್ಕಿಂತ ಮೊದಲೇ ಎದ್ದು ಕೂತಿತ್ತು. ಅದು ಎಲ್ಲಿಂದ ಬೆಳಕು ಹಿಡಿಯಿತೋ!

ಅಮ್ಮ ಕೈತಾಂಗು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ತುಂಬ ಹೊತ್ತು ನೋಡಿದರು. ಮುಂದೆ ಬಂದು ಹ್ಯಾಂಡಲಿನ ತಂತಿಯನ್ನು ಮುಟ್ಟಿದರು. ನಾನು ಅದನ್ನು ಮೇಲ್ಮುಖವಾಗಿ ಇಟ್ಟಿದ್ದೆ, ಚಿತ್ರಕ್ಕೆ ಚೆಂದ ಎಂದು.

"ಹೀಗೆ ನಿಲ್ಲುವುದಿಲ್ಲ. ಕೈ ಬಿಟ್ಟರೆ ಕೆಳಗೆ ಬೀಳ್ತದೆ. ಕೆಳಗಿಂದ ಮೇಲೆ ಎಳೆಯುವುದು ಅದನ್ನು, ಮೇಲಿಂದ ಒತ್ತುವುದಲ್ಲ. ಎಂಜಿನ್ ತಿರುಗಿ ಒದ್ದರೆ ಕೈ ಮುರೀತದೆ ಅಂತ ಅಪ್ಪ ಹೇಳ್ತಿದ್ರು."

ಕೈ ಮುಂದೆ ಚಾಚಿ ತೋರಿಸಿದರು. ನಾಲ್ಕು ಬೆರಳು ಮಡಚಿ, ಹೆಬ್ಬೆರಳನ್ನು ಸುತ್ತ ಹಿಡಿಯದೆ ಬೆರಳುಗಳ ಬದಿಗೇ ಇಟ್ಟು. ಅಜ್ಜ ಕ್ಲೀನರ್ ಹುಡುಗರಿಗೆ ಹಾಗೆ ಕಲಿಸುತ್ತಿದ್ದರಂತೆ. ನಾನೂ ಹಾಗೇ ಕೈ ಹಿಡಿದು ನೋಡಿದೆ.

ಹಬ್ಬ ಕಳೆದ ಮೇಲೆ ಫಲಕವನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದೆ. ಆ ಜಾಗದ ಕಪ್ಪು ಬಣ್ಣ ಉಜ್ಜಿ, ಬೆಸುಗೆ ಕರಗಿಸಿ, ತಂತಿಯನ್ನು ತಿರುಗಿಸಿ ಬೆಸೆದೆ. ಈಗ ಹ್ಯಾಂಡಲ್ ಕೆಳಗೆ ಜೋತು ಬಿದ್ದಿದೆ.